ಗೋಲ್‌ಪೋಸ್ಟಿನ ಹಿಂದಿನ ನೌಕರಿ

ಗಡಹಿಂಗ್ಲಜದ ಮೈದಾನಕ್ಕೆ ಬೆಳಿಗ್ಗೆ ಹೋದರೆ ಆಡುವ ಮಕ್ಕಳಿಗಿಂತ ಆಡಿಸುವ ಅಪ್ಪಂದಿರೇ ಹೆಚ್ಚು ಕಾಣುತ್ತಾರೆ. ಒಬ್ಬನ ಕೊರಳಲ್ಲಿ ಸೀಟಿ, ಇನ್ನೊಬ್ಬನ ಕೈಯಲ್ಲಿ ಮೊಬೈಲು, ಮತ್ತೊಬ್ಬನ ಮೈಮೇಲೆ ಮಗನ ಅಳತೆಯದೂ ಅಲ್ಲದ, ತನ್ನ ಅಳತೆಯದೂ ಅಲ್ಲದ ಟ್ರ್ಯಾಕ್‌ಸೂಟು. ಹೊಟ್ಟೆ ಮುಂದೆ, ತಾವು ಹಿಂದೆ. ಗೆರೆಯ ಆಚೆ ನಿಂತು ‘ಓಡಲೇ, ಓಡಲೇ’ ಎಂದು ಒದರುತ್ತಾರೆ; ತಾವು ಮಾತ್ರ ಎಸ್.ಟಿ. ಬಸ್ಸು ತಪ್ಪಿದರೂ ಓಡುವವರಲ್ಲ. ಮೊನ್ನೆ ಅವರಲ್ಲಿ ನಾಲ್ಕಾರು ಜನ ನನ್ನನ್ನು ಹಿಡಿದು ನಿಲ್ಲಿಸಿ, ‘ಮಲ್ಲಪ್ಪಣ್ಣಾ, ನಿಮ್ಮ ಮಗಳು ರಾಜ್ಯದ ಟೀಮಿನಾಗ ಗೋಲ್‌ಕೀಪರ್ ಆಗ್ಯಾಳ. ಹೆಂಗ ತಯಾರ ಮಾಡಿದ್ರಿ, ನಮಗೂ ಸ್ವಲ್ಪ ಹೇಳ್ರಿ’ ಎಂದರು. ಬಾಯಿಂದ ಹೇಳಲು ಹೋದರೆ ಇವರಿಗೆ ಕೇಳುವ ತಾಳ್ಮೆ ಇಲ್ಲ. ಒಂದು ಕಣ್ಣು ನನ್ನ ಮೇಲೆ, ಒಂದು ಕಣ್ಣು ಮಗನ ಮೇಲೆ. ಅದಕ್ಕೇ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನಾನು ಎರಡು ನೌಕರಿಗಳಿಂದ ನಿವೃತ್ತನಾದವನು. ಒಂದು, ಇಚಲಕರಂಜಿಯ ಪವರ್‌ಲೂಮ್ ಕಾರ್ಖಾನೆಯಲ್ಲಿ ಜಾಬರ್ ಕೆಲಸ. ಮಗ್ಗ ಕೆಟ್ಟು ನಿಂತರೆ ನಟ್ಟು ತಿರುಗಿಸುವ ಪಾನಾ ಹಿಡಿದು ಓಡಿಬಂದು ಸರಿ ಮಾಡುವವನೇ ಜಾಬರ್. ಆ ನೌಕರಿ ಬಿಟ್ಟಾಗ ಮಾಲಕರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಬಾಗಿಲ ತನಕ ಬಂದು ಕಳಿಸಿದರು. ಎರಡನೆಯದು, ಮಗಳು ಗೌರಿಗೆ ಕೋಚ್. ಆ ನೌಕರಿಯಿಂದ ನನ್ನನ್ನು ತುಂಬಿದ ಮೈದಾನದ ಎದುರು ತೆಗೆದುಹಾಕಲಾಯಿತು. ಶಾಲೂ ಇಲ್ಲ, ಕಾಯಿಯೂ ಇಲ್ಲ. ಒಂದು ಗ್ಲಾಸು ಚಹಾ ಸಿಕ್ಕಿತು, ಅದಕ್ಕೂ ದುಡ್ಡು ನಾನೇ ಕೊಟ್ಟೆ. ಇಲ್ಲಿ ಹೇಳುವುದು ಆ ಎರಡನೆಯ ನೌಕರಿಯ ಸಂಗತಿ. ಗೆದ್ದ ಕಪ್ಪುಗಳು, ಪದಕಗಳು ನನ್ನ ಹೆಂಡತಿ ಕಸ್ತೂರಿಯ ಶೋಕೇಸಿನಲ್ಲಿವೆ. ಬೇಕಾದವರು ಹೋಗಿ ನೋಡಬಹುದು, ಅವಳೇ ಒರೆಸಿ ತೋರಿಸುತ್ತಾಳೆ.

ಮೊದಲು ಕಾರ್ಖಾನೆಯ ಒಳಗಿನದು ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಮಗ್ಗಗಳು ನಡೆಯುವಾಗ ಅಲ್ಲಿ ಮಾತು ಕೇಳಿಸುವುದಿಲ್ಲ. ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಒದರಿದರೂ ಅವನು ‘ಆಂ?’ ಎನ್ನುತ್ತಾನೆ. ಅದಕ್ಕೇ ನಾವು ಕೈಸನ್ನೆಯಲ್ಲೇ ಬಾಳುವೆ ಮಾಡಿದವರು. ಎಳೆ ಹರಿದಿದೆ, ನೂಲು ಮುಗಿದಿದೆ, ಮಾಲಕ ಬಂದ, ಮಾಲಕ ಹೋದ, ಮನೆಯಿಂದ ಬುತ್ತಿ ಬಂದಿದೆ, ಎಲ್ಲಕ್ಕೂ ಒಂದೊಂದು ಸನ್ನೆ. ಮದುವೆಯ ಪಂಕ್ತಿಯಲ್ಲಿ ಕೂತಾಗಲೂ ನಮ್ಮವರು ಈ ಕೈಯಾಟ ಬಿಡುವುದಿಲ್ಲ. ಆ ತುದಿಯವನು ಈ ತುದಿಯವನಿಗೆ ‘ಜಿಲೇಬಿ ಹಳಸಿದೆ’ ಎಂದು ತಿಳಿಸುವುದನ್ನು ನಾನೇ ನೋಡಿದ್ದೇನೆ.

ಅದರಲ್ಲಿ ಒಂದು ಸನ್ನೆ ಜಾಬರನಿಗೇ ಮೀಸಲು. ಮಗ್ಗ ಸರಿಯಾಗಿ ನಡೆಯತೊಡಗಿದ ಮೇಲೂ ಜಾಬರ್ ಅಲ್ಲೇ ನಿಂತು ಇಣುಕುತ್ತಿದ್ದರೆ, ನೇಕಾರ ತನ್ನ ಎಡ ಅಂಗೈಯನ್ನು ಚಹಾ ಆರಿಸಿ ಕುಡಿಯುವ ಬಸಿಯ ಹಾಗೆ ಹಿಡಿದು ತುಟಿಯ ಹತ್ತಿರ ತಂದು, ಒಮ್ಮೆ ಉಫ್ ಎಂದು ಊದಿ, ಬಲಗೈಯಿಂದ ಬಾಗಿಲು ತೋರಿಸುತ್ತಾನೆ. ಹೋಗಿ ಚಹಾ ಕುಡಿ ಎಂದು. ಮಗ್ಗ ನಡೆದಿದೆ, ಇನ್ನು ನನ್ನ ತಲೆಯ ಮೇಲೆ ನಿಂತು ಜೀವ ತಿನ್ನಬೇಡ ಎಂದು. ಹೊಸ ಜಾಬರನಿಗೆ ಇದರಿಂದ ಮೈ ಉರಿಯುತ್ತದೆ. ನನಗಂತೂ ಹಳಬನಾದ ಮೇಲೂ ಉರಿಯುತ್ತಿತ್ತು. ಇವನ ಮಗ್ಗ ನಡೆಸಿಕೊಟ್ಟವನು ನಾನು, ನನಗೇ ಬಾಗಿಲು ತೋರಿಸುತ್ತಾನಲ್ಲ ಎಂದು ಗೊಣಗುತ್ತ ಹೋಗಿ ಚಹಾ ಕುಡಿದು ಬರುತ್ತಿದ್ದೆ.

ಕಸ್ತೂರಿ ಅದೇ ಕಾರ್ಖಾನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಗೇಣುದ್ದದ ಕೊಳವೆ. ಶಾಲೆ ಬಿಟ್ಟ ಮೇಲೆ ಗೌರಿ ಅವ್ವನ ಪಕ್ಕ ಬಂದು ಕೂರುತ್ತಿದ್ದಳು. ಸುತ್ತಿದ ಕಂಡಿಕೆಗಳನ್ನು ಹೆಂಗಸರು ಬುಟ್ಟಿಗೆ ಎಸೆಯುವಾಗ ಈ ಹುಡುಗಿ ನಡುವೆಯೇ ಕೈಹಾಕಿ ಹಿಡಿಯುತ್ತಿದ್ದಳು. ಎಡಗೈಗೆ ಬಂದರೆ ಎಡಗೈ, ಬಲಗೈಗೆ ಬಂದರೆ ಬಲಗೈ. ತಿರುಗಿ ಕೂಡ ನೋಡುತ್ತಿರಲಿಲ್ಲ. ಹೆಂಗಸರು ನಗುತ್ತಿದ್ದರು, ಮೇಲ್ವಿಚಾರಣೆಯ ಮುಕಾದಮ ಬೈಯುತ್ತಿದ್ದ, ನಾನು ಪಾನಾ ಹಿಡಿದು ನನ್ನ ಪಾಡಿಗೆ ಇದ್ದೆ.

ಕಸ್ತೂರಿಯ ತವರು ಗಡಹಿಂಗ್ಲಜ. ಆ ಊರಿನಲ್ಲಿ ಫುಟ್‌ಬಾಲ್ ಎಂದರೆ ಊಟ ಬಿಟ್ಟು ಓಡುವ ಜನ. ಅವಳ ತಮ್ಮ ದಿನಕರ ಊಟವನ್ನಷ್ಟೇ ಅಲ್ಲ, ಕೆಲಸವನ್ನೂ ಬಿಟ್ಟು ಓಡುವವನು. ಒಂದು ದೀಪಾವಳಿಗೆ ಹೋದಾಗ ಗೌರಿ ಅಂಗಳದಲ್ಲಿ ಕೂತು ಅವನು ಒದ್ದ ಚೆಂಡುಗಳನ್ನೆಲ್ಲ ಹಿಡಿಹಿಡಿದು ಅವನಿಗೇ ವಾಪಸು ಎಸೆದಳು. ಅವನು ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ. ಅಕ್ಕನ ಗಂಡನನ್ನು ಆ ಕಡೆ ಕರೆಯುವಂತೆ ನನ್ನನ್ನು ಅವನು ದಾಜಿ ಎನ್ನುತ್ತಾನೆ.

‘ದಾಜಿ, ಈ ಹುಡುಗಿ ಕೈಯಾಗ ಏನೋ ಐತ್ರಿ. ಗೋಲಿನಾಗ ನಿಂದ್ರಸ್ರಿ ಇಕೀನ.’

‘ಹೆಣ್ಣ ಹುಡುಗಿ ಫುಟ್‌ಬಾಲ್ ಆಡತಾಳೇನಲೇ?’

‘ಯಾಕ, ಚೆಂಡಿಗೆ ಗೊತ್ತಾಕ್ಕೈತೇನ್ರಿ ಅದು?’

ಗೌರಿ ಕೇಳಿದ್ದು ಒಂದೇ ಪ್ರಶ್ನೆ. ‘ಗೋಲಿನಾಗ ನಿಂತರ ಓಡೂದು ಬ್ಯಾಡಲ್ಲ ಮಾಮಾ?’ ಬೇಡ ಎಂದ. ‘ಹಂಗಾರ ನಿಂದರತೇನಿ’ ಎಂದಳು. ಹೀಗೆ ಒಬ್ಬ ಸೋಮಾರಿ ಹುಡುಗಿಯ ಕ್ರೀಡಾ ಜೀವನ ಆರಂಭವಾಯಿತು. ಸಂದರ್ಶನಗಳಲ್ಲಿ ಅವಳು ಬೇರೆ ಏನೇನೋ ಹೇಳುತ್ತಾಳೆ, ನಂಬಬೇಡಿ.

ಆ ದಿನವೇ ನಾನು ಕೋಚ್ ಆದೆ. ಆವತ್ತಿನವರೆಗೆ ನಾನು ಜೀವನದಲ್ಲಿ ಒಂದು ಚೆಂಡನ್ನೂ ಒದ್ದವನಲ್ಲ. ಆದರೆ ಕೋಚ್ ಆಗಲು ಅಪ್ಪನಾಗಿದ್ದರೆ ಸಾಕು ಎಂಬುದು ನನ್ನ ಗಟ್ಟಿ ನಂಬಿಕೆ. ಮೈದಾನದಲ್ಲಿ ನಿಂತಿರುವ ತಮ್ಮಂದಿರೇ, ನಿಮ್ಮ ನಂಬಿಕೆಯೂ ಅದೇ ಅಲ್ಲವೇ? ಸುಮ್ಮನೆ ತಲೆ ಆಡಿಸಬೇಡಿ.

ನನ್ನ ಮೊದಲ ತರಬೇತಿ ಪದ್ಧತಿ ಕಂಡಿಕೆ. ಕಾರ್ಖಾನೆಯ ಹಳೆಯ ಕಂಡಿಕೆಗಳನ್ನು ಚೀಲದಲ್ಲಿ ತಂದು, ಮಗಳನ್ನು ಗೋಡೆಗೆ ನಿಲ್ಲಿಸಿ, ಬೀಸಿ ಬೀಸಿ ಎಸೆಯುತ್ತಿದ್ದೆ. ಅವಳು ಹಿಡಿಯುತ್ತಿದ್ದಳು. ಹಿಡಿಯದೆ ಬಿಟ್ಟದ್ದು ನೆರೆಮನೆಯ ಹಪ್ಪಳದ ಮೇಲೆ ಬೀಳುತ್ತಿತ್ತು. ನೆರೆಯವಳ ಬೈಗುಳಕ್ಕೆ ಹೆದರಿಯೇ ಮಗಳ ಕೈ ಇನ್ನೂ ಚುರುಕಾಯಿತು. ನನ್ನ ಎದೆ ಉಬ್ಬಿತು. ಇಷ್ಟು ಸಣ್ಣದನ್ನು ಹಿಡಿಯುವವಳಿಗೆ ಅಷ್ಟು ದೊಡ್ಡ ಚೆಂಡು ಯಾವ ಲೆಕ್ಕ?

ಗಡಹಿಂಗ್ಲಜದಲ್ಲಿ ಮೊದಲ ಪಂದ್ಯ. ಎದುರಿನ ಹುಡುಗಿ ಚೆಂಡು ಒದ್ದಳು. ಕಂಡಿಕೆಯ ವೇಗಕ್ಕೆ ಪಳಗಿದ್ದ ಗೌರಿ ತಕ್ಷಣ ಹಾರಿದಳು. ಹಾರಿದಳು, ಬಿದ್ದಳು, ಎದ್ದಳು, ಮೈಗೆ ಹತ್ತಿದ ಮಣ್ಣು ಝಾಡಿಸಿಕೊಂಡಳು. ಆಗ ಚೆಂಡು ನಿಧಾನವಾಗಿ ಉರುಳಿಕೊಂಡು ಬಂದು ಅವಳ ಪಕ್ಕದಿಂದ ಒಳಗೆ ಹೋಯಿತು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಜನ ಹೊಟ್ಟೆ ಹಿಡಿದು ನಕ್ಕರು. ದಿನಕರ ತಲೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ: ‘ದಾಜಿ, ಅದು ಲಾಳಿ ಅಲ್ರಿ, ಚೆಂಡು. ಅದಕ್ಕ ಬರಾಕ ವ್ಯಾಳೆ ಬೇಕ್ರಿ.’ ಮರುದಿನ ಹೋಗಿ ಒಂದು ಚೆಂಡು ಕೊಂಡೆ. ಅಲ್ಲಿಯವರೆಗೆ ಅದು ಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ.

ಎರಡನೆಯದು ಆಹಾರ ಪದ್ಧತಿ. ಕೊಲ್ಹಾಪುರದ ಪೈಲವಾನರು ಬದಾಮು, ಗಸಗಸೆ ಅರೆದು ಹಾಲಿನಲ್ಲಿ ಕಲಸಿ ಥಂಡಾಯಿ ಕುಡಿಯುತ್ತಾರೆ. ಪೈಲವಾನನಿಗೆ ಆಗುವುದು ಗೋಲ್‌ಕೀಪರಿಗೆ ಯಾಕೆ ಆಗಬಾರದು? ಒಂದು ಪಂದ್ಯದ ಬೆಳಿಗ್ಗೆ ತಂಬಿಗೆ ತುಂಬ ಮಾಡಿ ಕುಡಿಸಿದೆ. ಗಸಗಸೆ ತುಸು ಕೈಬಿಚ್ಚಿ ಹಾಕಿದ್ದೆ. ಅವತ್ತು ಎದುರಾಳಿಗಳು ದುರ್ಬಲರು. ಚೆಂಡು ನಮ್ಮ ಗೋಲಿನ ಕಡೆ ಬರಲೇ ಇಲ್ಲ. ಬಿಸಿಲು ಹಿತವಾಗಿತ್ತು. ಗೌರಿ ಆಕಳಿಸಿದಳು, ಕಂಬಕ್ಕೆ ಒರಗಿದಳು, ಕೊನೆಗೆ ಕಂಬ ಹಿಡಿದು ನಿಂತಲ್ಲೇ ತೂಕಡಿಸಿದಳು. ಆಟ ಮುಗಿದಾಗ ಅವಳನ್ನು ಎಬ್ಬಿಸಿ ‘ಗೆದ್ದಿವಿ’ ಎಂದು ಹೇಳಬೇಕಾಯಿತು. ಮನೆಗೆ ಬಂದಾಗ ಕಸ್ತೂರಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

‘ಪೈಲವಾನ ಕುಡದು ಮಲಗತಾನ್ರಿ, ಅವಗ ಅದ ಕೆಲಸ. ಇಕಿ ಆಟ ಆಡಬೇಕು, ಶಾಲಿಗೆ ಹೋಗಬೇಕು. ನಾಳಿಂದ ಒಲಿ ಕಡೆ ಬಂದ್ರ ನೋಡ್ರಿ ಮತ್ತ!’

ಈ ನೌಕರಿಯಲ್ಲಿ ಮೇಲಧಿಕಾರಿಗಳು ಭಾಳ. ಮನೆಯಲ್ಲಿ ಕಸ್ತೂರಿ, ಹೊರಗೆ ಶಾಲೆಯ ಗುರುಗಳು, ಆಯ್ಕೆ ಸಮಿತಿಯವರು, ಎಲ್ಲರಿಗಿಂತ ಮೇಲೆ ಗಲ್ಲಿಯ ಪುಢಾರಿ. ಮಗಳ ತಂಡ ಜಿಲ್ಲೆಯಲ್ಲಿ ಗೆದ್ದು ಬಂದಾಗ ಅವನು ಸತ್ಕಾರ ಇಟ್ಟ. ಚೌಕದಲ್ಲಿ ಬ್ಯಾನರು ಕಟ್ಟಿಸಿದ. ಅದರಲ್ಲಿ ಅವನ ಫೋಟೊ ಆಳೆತ್ತರ, ಅವನ ತಮ್ಮಂದಿರು, ಅಳಿಯ, ವರ್ಷ ತುಂಬದ ಮೊಮ್ಮಗ, ಎಲ್ಲರೂ ಕೈಮುಗಿದುಕೊಂಡು ನಿಂತಿದ್ದರು. ನನ್ನ ಮಗಳು ಕೆಳಗೆ ಮೂಲೆಯಲ್ಲಿ, ಮೊಳೆ ಹೊಡೆದ ಜಾಗದಲ್ಲಿದ್ದಳು. ಅವನು ಮೈಕು ಹಿಡಿದು ‘ಆಮಚ್ಯಾ ಗಾವಚೀ ಕಬಡ್ಡೀಪಟೂ’ ಎಂದು ಗರ್ಜಿಸಿದ. ನಮ್ಮೂರ ಕಬಡ್ಡಿ ಆಟಗಾರ್ತಿ! ಚಪ್ಪಾಳೆಯೋ ಚಪ್ಪಾಳೆ. ಗೌರಿ ನನ್ನ ಕಿವಿಯಲ್ಲಿ, ‘ಅಪ್ಪಾ, ಹೇಳ್ಲ್ಯಾ?’ ಎಂದಳು. ‘ಸುಮ್ಮನಿರು, ಮೊದಲ ಕುಕ್ಕರ್ ಕೊಡ್ಲಿ’ ಎಂದೆ. ಕೊಟ್ಟ. ಆ ಕುಕ್ಕರು ಇವತ್ತಿಗೂ ಸರಿಯಾಗಿ ಸೀಟಿ ಹೊಡೆಯುತ್ತದೆ. ಪುಢಾರಿ ಮುಂದಿನ ಚುನಾವಣೆಯಲ್ಲಿ ಬಿದ್ದ.

ಈಗ ನನ್ನ ಮೂರನೆಯ ಪದ್ಧತಿಗೆ ಬರುತ್ತೇನೆ. ಇದರಿಂದಲೇ ನಾನು ಹೆಸರಾದೆ, ಇದರಿಂದಲೇ ಕೆಟ್ಟೆ.

ಕೊಲ್ಹಾಪುರದ ಮೈದಾನದ ಗದ್ದಲ ಕೇಳಿದವರಿಗೇ ಗೊತ್ತು. ಪೇಟೆ ಪೇಟೆಗಳ ಜನ ಹಲಗೆ ಬಡಿಯುತ್ತ ಬಂದು ಕೂರುತ್ತಾರೆ. ಹೆಣ್ಣು ಹುಡುಗಿಯರ ಪಂದ್ಯಕ್ಕೆ ಜನ ಬರುವುದಿಲ್ಲ ಎಂದುಕೊಂಡವರ ಬಾಯಿ ಮುಚ್ಚಿಸುವಷ್ಟು ಬಂದಿದ್ದರು. ಆ ಗದ್ದಲದಲ್ಲಿ ಉಳಿದ ಕೋಚುಗಳೆಲ್ಲ ಒದರಿ ಒದರಿ ಗಂಟಲು ಹರಿದುಕೊಂಡರು. ಒಂದು ಮಾತೂ ಆಟಗಾರರಿಗೆ ಮುಟ್ಟಲಿಲ್ಲ. ನನಗೆ ಮಾತ್ರ ನಗು. ನನ್ನ ಪಾಲಿಗೆ ಅದು ಮಗ್ಗ ನಡೆಯುವ ಕಾರ್ಖಾನೆ. ಗೌರಿಗೂ ಹಾಗೇ. ಅವಳು ಈ ತುದಿಯ ಗೋಲಿನಲ್ಲಿ, ನಾನು ಆ ತುದಿಯ ಗೋಲ್‌ಪೋಸ್ಟಿನ ಹಿಂದೆ, ಎದುರುಬದುರು. ಎಡಕ್ಕೆ ಬರುತ್ತದೆ, ಬಲಕ್ಕೆ ಸರಿ, ಮುಂದೆ ಬಾ, ಅಲ್ಲೇ ನಿಲ್ಲು. ಕೈ ಆಡಿಸಿದ್ದೇ ತಡ, ಮಗಳು ಅಲ್ಲಿ ಇರುತ್ತಿದ್ದಳು. ಗೋಲು ಆಗುತ್ತಿರಲಿಲ್ಲ. ಜನ ನನಗೆ ಸನ್ನೆ ಮಲ್ಲಪ್ಪ ಎಂದು ಹೆಸರಿಟ್ಟರು. ನೆಲಕ್ಕೆ ಕಾಲು ತಾಗದ ಹಾಗೆ ಓಡಾಡಿದೆ.

ಒಮ್ಮೆ ರೆಫ್ರಿ ಆಟ ನಿಲ್ಲಿಸಿ ನನ್ನ ಹತ್ತಿರವೇ ಬಂದ. ‘ಕಾಕಾ, ಹೇ ಕಾಯ್ ಚಾಲಲಂಯ್?’, ಇದೇನು ನಡೆದಿದೆ ಎಂದು ಕಣ್ಣು ಕೆಂಪಗೆ ಮಾಡಿದ. ‘ಕಾಯ್ ನಾಹೀ ಸಾಹೇಬ’, ಏನಿಲ್ಲ, ಸೊಳ್ಳೆ ಓಡಿಸುತ್ತಿದ್ದೇನೆ ಎಂದೆ. ನಡುಮಧ್ಯಾಹ್ನದಲ್ಲಿ ಎಂಥ ಸೊಳ್ಳೆಯೋ ಎಂದು ಅವನು ನನ್ನನ್ನು ಬೇಲಿಯ ಆಚೆ ಅಟ್ಟಿದ. ಬೇಲಿಯ ಆಚೆಯಿಂದಲೂ ಕೈ ಕಾಣುತ್ತದೆ ಎಂಬುದು ಪಾಪ ಅವನಿಗೆ ಹೊಳೆಯಲಿಲ್ಲ.

ನನಗೂ ಒಂದು ಹೊಳೆಯಲಿಲ್ಲ. ಮಗಳು ಎಲ್ಲದಕ್ಕೂ ನನ್ನ ಕಡೆ ನೋಡತೊಡಗಿದ್ದಳು. ಬೂಟು ಬೇಕೋ ಚಪ್ಪಲಿ ಬೇಕೋ ಎಂದು ಅಂಗಡಿಯವನು ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ಶಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳಿದರೆ ಕಿಟಕಿಯ ಹೊರಗೆ ನೋಡುತ್ತಾಳೆ ಎಂದು ದೂರು ಬಂತು. ನಾನು ಅದನ್ನು ಅಪ್ಪನ ಮೇಲಿನ ಪ್ರೀತಿ ಎಂದುಕೊಂಡು ಒಳಗೊಳಗೇ ಖುಷಿಪಟ್ಟೆ.

ರಾಜ್ಯದ ತಂಡದ ಆಯ್ಕೆ ಪುಣೆಯಲ್ಲಿ ಇತ್ತು. ಅಲ್ಲಿ ಅಪ್ಪ ಅವ್ವಂದಿರನ್ನು ಗೇಟಿನ ಒಳಗೆ ಬಿಡಲಿಲ್ಲ. ವಾಚ್‌ಮನ್ನನಿಗೆ ಕೈಮುಗಿದೆ, ತಂಬಾಕು ಕೊಟ್ಟೆ, ನಮ್ಮ ಕಡೆಯವನೇನೋ ಎಂದು ಊರು ಕೇಳಿದೆ. ತಂಬಾಕು ತಿಂದ, ಬಾಗಿಲು ತೆರೆಯಲಿಲ್ಲ. ಕಾಂಪೌಂಡ್ ಗೋಡೆಗೆ ಕಿವಿ ಹಚ್ಚಿ ನಿಂತೆ. ಒಳಗೆ ಮತ್ತೆ ಮತ್ತೆ ಚಪ್ಪಾಳೆ ಕೇಳಿತು. ಮಗಳು ಹಿಡಿದಳು ಹಿಡಿದಳು ಎಂದು ಕುಣಿದೆ. ಆ ಚಪ್ಪಾಳೆಗಳೆಲ್ಲ ಅವಳು ಬಿಟ್ಟ ಗೋಲುಗಳಿಗೆ ಬಿದ್ದವು.

ನಮ್ಮ ಜಿಲ್ಲೆಯ ಹುಡುಗಿಯರನ್ನು ಕರೆದುಕೊಂಡು ಬಂದಿದ್ದವರು ಪಾಟೀಲ ಮೇಡಂ. ಶಿರೋಳದ ಜೈನ ಒಕ್ಕಲಿಗರ ಮನೆಯ ಮಗಳು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಹೊರಗೆ ಬಂದು ನನ್ನ ಎದುರು ನಿಂತರು.

‘ಕಾಕಾ, ನಿಮ್ಮ ಹುಡುಗಿ ಕೈ ಭಾರಿ ಅದಾವ. ಕುತ್ತಿಗಿ ಕೆಟ್ಟೈತಿ.’

‘ಕುತ್ತಿಗಿಗೆ ಏನಾತ್ರಿ ಮೇಡಂ?’

‘ಎಲ್ಲಾರ ಕುತ್ತಿಗಿ ಚೆಂಡಿನ ಕಡೆ ತಿರಗತೈತಿ, ಇಕಿದು ನಿಮ್ಮನ್ನ ಹುಡಕತೈತಿ. ಸಾಹೇಬರು ಸ್ಪಷ್ಟ ಹೇಳ್ಯಾರ. ಮುಂದಿನ ವರ್ಷ ಇನ್ನೊಂದ ಸಲ ನೋಡತಾರ, ವಯಸ್ಸಿನ ಲೆಕ್ಕದಾಗ ಅದ ಕಡೀದು. ಅವಾಗೂ ಅಪ್ಪನ ಕಡೆ ನೋಡಿದಳಂದ್ರ ಮುಗೀತು.’

ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ನಿನ್ನೆ ಮೊನ್ನೆ ಬಂದ ಮೇಡಂ, ಕಂಡಿಕೆ ಎಂದರೇನು ಎಂದು ಗೊತ್ತಿಲ್ಲದವಳು, ನನ್ನ ಮಗಳ ಕುತ್ತಿಗೆಗೆ ಹೆಸರಿಡುತ್ತಾಳೆಯೇ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಯ್ಕೆ ಸಮಿತಿಯನ್ನು ಬೈದೆ. ಗೌರಿ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು.

ಅಲ್ಲಿಂದ ಪದ್ಧತಿಗಳೆಲ್ಲ ಬದಲಾದವು. ಗಡಹಿಂಗ್ಲಜದಲ್ಲಿ ಮೇಡಂ ಶಿಬಿರ ಹಾಕಿದರು. ಗೌರಿ ಮಾಮನ ಮನೆಯಲ್ಲಿ ಉಳಿದು ಅಲ್ಲಿಗೆ ಹೋಗತೊಡಗಿದಳು. ಮೇಡಂ ನೆಲದ ಮೇಲೆ ಬಣ್ಣಬಣ್ಣದ ಟೋಪಿಗಳಂಥವನ್ನು ಇಟ್ಟು ಅವುಗಳ ನಡುವೆ ಓಡಿಸುವರು. ಮೊಬೈಲಿನಲ್ಲಿ ಆಟ ಹಿಡಿದು, ನಿಧಾನವಾಗಿ ತಿರುಗಿಸಿ ತೋರಿಸುವರು. ಚೆಂಡು ಒದೆಯುವವಳ ಕಾಲು ನೋಡು, ಸೊಂಟ ನೋಡು, ನೀನೇ ಹೇಳು ಯಾವ ಕಡೆ ಬರುತ್ತದೆ ಎನ್ನುವರು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಮತ್ತೆ ತೋರಿಸುತ್ತಿದ್ದರು. ‘ಇದು ಕೋಚಿಂಗೋ ಸಿನಿಮಾನೋ’ ಎಂದು ದಿನಕರನ ಎದುರು ಹಾಸ್ಯ ಮಾಡಿದೆ. ಅವನು ನಗಲಿಲ್ಲ.

ಮೇಡಂ ನನಗೆ ಮೈದಾನಕ್ಕೆ ಬರಬೇಡಿ ಎಂದಿದ್ದರು. ಬಾಯಲ್ಲಿ ಆಗಲಿ ಎಂದೆ. ಆದರೆ ಕಾಲು ಕೇಳಬೇಕಲ್ಲ? ಇಚಲಕರಂಜಿಯಿಂದ ಬಸ್ಸು ಹಿಡಿದು ಬಂದು, ಮೈದಾನದ ಪಕ್ಕ ಕಬ್ಬು ಹೇರಿ ನಿಂತಿದ್ದ ಟ್ರ್ಯಾಲಿಯ ಮರೆಯಲ್ಲಿ ನಿಂತೆ. ಸುಮ್ಮನೆ ನಿಂತರೆ ಅನುಮಾನ ಬರುತ್ತದೆ ಎಂದು ಒಂದು ಗಳ ಎಳೆದು ಸಿಗಿಯುತ್ತ ನಿಂತಿದ್ದೆ. ಗೌರಿ ಗೋಲಿನಲ್ಲಿದ್ದಳು. ಅವಳಿಗೆ ನಾನು ಕಾಣುತ್ತಿರಲಿಲ್ಲ, ಇದು ಖರೆ. ಆದರೂ ಇದ್ದಕ್ಕಿದ್ದಂತೆ ಅವಳ ಕುತ್ತಿಗೆ ಟ್ರ್ಯಾಲಿಯ ಕಡೆ ತಿರುಗಿತು. ಚೆಂಡು ಒಳಗೆ ಹೋಯಿತು. ಮೇಡಂ ಸೀಟಿ ಊದಿ ನೇರವಾಗಿ ಬಂದರು.

‘ಕಾಕಾ, ಕಬ್ಬ ತಿಂದು ಮುಗೀತಂದ್ರ ಹೊರಗ ಬರ್ರಿ.’

ಹುಡುಗಿಯರೆಲ್ಲ ನಕ್ಕರು. ಗೌರಿ ನಗಲಿಲ್ಲ. ಸಂಜೆ ಮಾಮನ ಮನೆಯ ಕಟ್ಟೆಯ ಮೇಲೆ ನನ್ನ ಎದುರು ನಿಂತು, ಹುಟ್ಟಿದ ಮೇಲೆ ಮೊದಲ ಸಲ ದನಿ ಏರಿಸಿದಳು.

‘ಅಪ್ಪಾ, ನೀ ಮೈದಾನದಾಗ ಇದ್ರ ನಾ ನಿನ್ನ ನೋಡತೇನಿ. ನೀ ಇಲ್ಲಂದ್ರ ಎಲ್ಲಿ ಅದಿ ಅಂತ ಹುಡಕತೇನಿ. ನಾ ಚೆಂಡ ಯಾವಾಗ ನೋಡ್ಲಿ, ಹೇಳು?’

‘ನಿನ್ನ ಸಲುವಾಗೇ ಮಾಡಾಕತ್ತೇನಿ’ ಎಂದೆ. ಎಲ್ಲ ಅಪ್ಪಂದಿರೂ ಹೇಳುವುದು ಅದನ್ನೇ. ‘ಅದಕ್ಕ ಹೆದರಿಕಿ’ ಎಂದು ಒಳಗೆ ಹೋದಳು. ಅವತ್ತು ನನಗೆ ಊಟ ಸೇರಲಿಲ್ಲ. ದಿನಕರನ ಹೆಂಡತಿ ಮಾಡಿದ ಝುಣಕ ನನಗೆ ಪ್ರಾಣ; ಅದೂ ತಾಟಿನಲ್ಲೇ ಉಳಿಯಿತು.

ಮರುವರ್ಷ ಕೊಲ್ಹಾಪುರದಲ್ಲಿ ಫೈನಲ್ ಪಂದ್ಯ. ಪುಣೆಯ ಆಯ್ಕೆ ಸಾಹೇಬರು ಅದನ್ನು ನೋಡಲೆಂದೇ ಬಂದು ಶಾಮಿಯಾನದ ಕೆಳಗೆ ಕೂತಿದ್ದರು. ಗೌರಿಗೆ ಸಿಕ್ಕ ಆ ಕೊನೆಯ ಅವಕಾಶ ಇದೇ. ಗೋಲಿನ ಹಿಂದೆ ನಿಲ್ಲುವುದಿಲ್ಲ ಎಂದು ನಾನು ಕಸ್ತೂರಿಯ ಎದುರು ದೇವರ ಜಗಲಿ ಮುಟ್ಟಿ ಆಣೆ ಮಾಡಿದ್ದೆ. ಗ್ಯಾಲರಿಯಲ್ಲಿ ಕೂರುವುದಿಲ್ಲ ಎಂದು ಮಾಡಿರಲಿಲ್ಲ. ಇಚಲಕರಂಜಿಯಿಂದ ನಮ್ಮ ಮಗ್ಗದ ಜನ ಟೆಂಪೋ ಮಾಡಿಕೊಂಡು ಹೊರಟಿದ್ದರು. ಅವರ ನಡುವೆ ತಲೆಗೆ ಟವೆಲ್ಲು ಸುತ್ತಿಕೊಂಡು ಕೂತುಬಿಟ್ಟೆ. ಕೈಗಳ ಮೇಲೆ ನನಗೇ ನಂಬಿಕೆ ಇರಲಿಲ್ಲ. ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಕೂತೆ.

ಆಟದುದ್ದಕ್ಕೂ ಗೌರಿ ಚೆನ್ನಾಗಿ ಆಡಿದಳು. ನೋಡುತ್ತ ನನಗೇ ಬೆರಗು. ಮೇಡಂ ಹೇಳಿದಂತೆ ಕಾಲು ನೋಡುತ್ತಿದ್ದಳು, ಸೊಂಟ ನೋಡುತ್ತಿದ್ದಳು, ಕಾಯುತ್ತಿದ್ದಳು, ಆಮೇಲೆ ಹಾರುತ್ತಿದ್ದಳು. ಎರಡೂ ಕಡೆ ಗೋಲು ಆಗಲಿಲ್ಲ. ಪೆನಾಲ್ಟಿಗೆ ಬಂತು. ಗೋಲ್‌ಕೀಪರ್ ಒಬ್ಬಳೇ ನಿಲ್ಲಬೇಕು, ಎದುರಾಳಿಗಳು ಒಬ್ಬೊಬ್ಬರಾಗಿ ಬಂದು ಒದೆಯಬೇಕು. ಮೊದಲಿನವೆರಡರಲ್ಲಿ ಒಂದನ್ನು ತಡೆದಳು, ಒಂದು ಹೋಯಿತು. ಮುಂದಿನ ಹುಡುಗಿ ಚೆಂಡು ಇಡುವಾಗ ನನಗೆ ಖಾತ್ರಿಯಾಯಿತು, ಇವಳು ಎಡಕ್ಕೇ ಒದೆಯುತ್ತಾಳೆ ಎಂದು. ಕೈ ಯಾವಾಗ ತೊಡೆಯ ಕೆಳಗಿನಿಂದ ಹೊರಬಿದ್ದು ಮೇಲೆ ಬಂತೋ ದೇವರಿಗೇ ಗೊತ್ತು. ನಾನೇ ಎದ್ದು ನಿಂತಿದ್ದೆ. ಟವೆಲ್ಲು ಬಿಚ್ಚಿ ಬಿದ್ದಿತ್ತು. ಗೌರಿಯ ಕುತ್ತಿಗೆ ತಿರುಗಿತು. ಅಷ್ಟು ಜನರ ನಡುವೆ ಅವಳ ಕಣ್ಣು ನನ್ನ ಕೈಗೇ ಬಂದು ನಿಂತಿತು. ಎಡಕ್ಕೆ ಹಾರಿದಳು. ಚೆಂಡು ಬಲಕ್ಕೆ ಹೋಯಿತು.

ಶಾಮಿಯಾನದ ಕೆಳಗೆ ಸಾಹೇಬರು ಪಕ್ಕದವರ ಕಡೆ ವಾಲಿ ಏನೋ ಹೇಳಿದರು. ಮೇಡಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಗಳ ಬದುಕನ್ನು ನನ್ನ ಕೈಯಾರೆ ಕೆಡಿಸಿದೆ ಎಂದುಕೊಂಡೆ, ಆದರೂ ಕೂರಲು ಆಗಲಿಲ್ಲ, ನಿಂತೇ ಇದ್ದೆ.

ಕೊನೆಯ ಒದೆತ. ತಡೆದರೆ ಪಂದ್ಯ ನಮ್ಮದು, ಬಿಟ್ಟರೆ ಸಮಸಮ; ಗೌರಿಯ ಅವಕಾಶವಂತೂ ಮುಗಿದ ಹಾಗೆಯೇ. ಎದುರಾಳಿಯ ದೊಡ್ಡ ಆಟಗಾರ್ತಿ ಬಂದು ಚೆಂಡು ಇಟ್ಟಳು. ಗೌರಿ ಗೋಲಿನಿಂದ ಎರಡು ಹೆಜ್ಜೆ ಮುಂದೆ ಬಂದು, ಚೆಂಡಿಗೆ ಬೆನ್ನು ಮಾಡಿ, ಪೂರ್ತಿ ನನ್ನ ಕಡೆ ತಿರುಗಿ ನಿಂತಳು. ಎಡ ಕೈಗವಸನ್ನು ಬಸಿಯ ಹಾಗೆ ಹಿಡಿದು ತುಟಿಯ ಹತ್ತಿರ ತಂದ ಮೇಲೆ ಒಮ್ಮೆ ಊದಿದಳು. ಬಲಗೈಯಿಂದ ಗೇಟು ತೋರಿಸಿದಳು.

ಮೈದಾನದ ಬೇರೆ ಯಾರಿಗೂ ಏನೂ ತಿಳಿಯಲಿಲ್ಲ. ನಮ್ಮ ಮಗ್ಗದ ಜನಕ್ಕೆ ತಿಳಿಯಿತು. ಅವರೆಲ್ಲ ಬಿದ್ದು ಬಿದ್ದು ನಕ್ಕರು. ‘ಏ ಮಲ್ಲಪ್ಪಾ, ಮಗ್ಗ ನಡದೈತೆಪಾ, ನಡಿ ಚಹಾ ಕುಡಿ!’ ಎಂದು ಹಿಂದಿನಿಂದ ಯಾರೋ ಕೂಗಿದರು. ಇಷ್ಟು ವರ್ಷ ಯಾವ ಯಾವ ನೇಕಾರನಿಗೆ ನಾನು ಗೊಣಗಿದ್ದೆನೋ ಅವರೆಲ್ಲ ಅಲ್ಲೇ ಕೂತಿದ್ದರು. ಕಿವಿ ಕಾದ ಹೆಂಚಾಯಿತು. ಗೌರಿ ಕೈ ಇಳಿಸಿರಲಿಲ್ಲ, ಗೇಟಿನ ಕಡೆಗೇ ಚಾಚಿ ನಿಂತಿದ್ದಳು. ನಾನು ಟವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡು, ಅವರಿವರ ಮೊಣಕಾಲು ದಾಟುತ್ತ ಮೆಟ್ಟಿಲು ಇಳಿದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ.

ಗೇಟಿನ ಹೊರಗೆ ಚಹಾದ ಗಾಡಿ ಇತ್ತು. ಗಿರಾಕಿಗಳೆಲ್ಲ ಒಳಗಿದ್ದುದರಿಂದ ಗಾಡಿಯವನು ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ‘ಒಂದು ಚಹಾ’ ಎಂದೆ. ಅವನು ಗ್ಲಾಸು ಕೈಗೆ ಕೊಡುವಾಗ ಒಳಗಿನಿಂದ ಗದ್ದಲ ಎದ್ದಿತು. ನೆಲ ನಡುಗುವಂಥ ಗದ್ದಲ. ಆದರೆ ಕೊಲ್ಹಾಪುರದ ಜನ ಗೋಲು ಆದರೂ ಹಾಗೇ ಒದರುತ್ತಾರೆ, ತಡೆದರೂ ಹಾಗೇ ಒದರುತ್ತಾರೆ. ಪುಣೆಯ ಗೋಡೆಗೆ ಕಿವಿ ಹಚ್ಚಿ ಕುಣಿದದ್ದು ನೆನಪಾಯಿತು. ಈ ಸಲ ಕುಣಿಯಲಿಲ್ಲ. ಗಾಡಿಯವನು ‘ಕಾಯ್ ಝಾಲಂ?’ ಎಂದು ಕೇಳಿದ. ಏನಾಯಿತೋ ನನಗೂ ಗೊತ್ತಿಲ್ಲ ಎಂದೆ. ಚಹಾ ಒಂದು ಗುಟುಕೂ ಇಳಿಯಲಿಲ್ಲ. ಜನ ಹೊರಗೆ ಬರತೊಡಗಿದರು. ಯಾರನ್ನಾದರೂ ಕೇಳಬಹುದಿತ್ತು. ಕೇಳುವ ಧೈರ್ಯ ಆಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗೌರಿ ಬಂದಳು. ಮೊಣಕಾಲು ತರಚಿತ್ತು, ಬಲ ಕೆನ್ನೆಯ ತುಂಬ ಕೆಂಪು ಮಣ್ಣು. ಬಲಕ್ಕೆ ಹಾರಿದ್ದಾಳೆ ಎಂದು ಅಷ್ಟರಿಂದಲೇ ಗೊತ್ತಾಯಿತು. ಅವಳ ಹಿಂದೆ ದೂರದಲ್ಲಿ ಪಾಟೀಲ ಮೇಡಂ ಯಾರನ್ನೋ ತಬ್ಬಿಕೊಂಡು ನಗುತ್ತಲೇ ಅಳುತ್ತಿದ್ದರು. ಗೌರಿ ಗಾಡಿಯ ಪಕ್ಕದ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

‘ನೋಡಿದೇನಪಾ?’

‘ಎಲ್ಲಿ ನೋಡ್ಲಿ? ನೀನ ಕಳಿಸಿದೆಲ್ಲ, ಚಹಾ ಕುಡಿಯಾಕ.’

‘ಕುಡದೇ ಇಲ್ಲಲ್ಲ ನೀ?’

‘ಇಳೀಲಿಲ್ಲವ್ವಾ.’

ಅವಳು ಕೈಗವಸು ಬಿಚ್ಚಿ ನನ್ನ ತೊಡೆಯ ಮೇಲೆ ಇಟ್ಟಳು. ನಾನು ಅವಳ ಬೆರಳುಗಳನ್ನು ಹಿಡಿದುಕೊಂಡೆ.

‘ರೆಫ್ರಿ ಸೀಟಿ ಮ್ಯಾಲೆ ಸೀಟಿ ಊದಿ ಬೈಯಾಕತ್ತಿದ್ದ’ ಎಂದಳು. ‘ನಾ ಬೂಟಿನ ಲೇಸ ಬಿಚ್ಚೂದು ಕಟ್ಟೂದು ಮಾಡಿಕೋತ ಕುಂತಿದ್ದೆ. ನೀ ಗೇಟ ದಾಟೂ ತನಕ ನಿನ್ನ ಬೆನ್ನ ನೋಡಿದೆ ಅಪ್ಪಾ. ಆಮ್ಯಾಲೆ ಚೆಂಡ ನೋಡಿದೆ.’